ಮುಟ್ಟುವ ತೊಟ್ಟಿ ಖಾಲಿಯಾದ ಮೇಲೆ: ಕರಾವಳಿಯ ಒಂದು ಕಡಲ ಕೇಂದ್ರದ ಪ್ರಕರಣ ಅಧ್ಯಯನ

ಮಂಗಳೂರಿಗೂ ಕಾರವಾರಕ್ಕೂ ನಡುವೆ ಎಲ್ಲೋ ಒಂದು ಕಡೆ ಇರುವ ಸಣ್ಣ ಕಡಲ ಕೇಂದ್ರದಲ್ಲಿ ನಡೆದ ಸಂಗತಿ ಇದು. ಊರು, ಜನ, ಸಂಸ್ಥೆ ಯಾವುದರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂತಹ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೇಂದ್ರದ ಸಲಹಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಹಾಗಾಗಿ ಯಾವ ನಿರ್ಧಾರ ಯಾಕೆ ಆಯಿತು, ಯಾವುದಕ್ಕೆ ಯಾರು ಒಪ್ಪಲಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಇಂತಹ ಕೇಂದ್ರ ನಡೆಸುವವರಿಗೆ, ಮಕ್ಕಳನ್ನು ಕಡಲು ತೋರಿಸಲು ಕರೆದುಕೊಂಡು ಬರುವ ಮೇಷ್ಟ್ರುಗಳಿಗೆ ಇದರಿಂದ ಏನಾದರೂ ಸಿಗಲಿ ಅನ್ನುವುದೇ ಬರೆಯುವುದಕ್ಕೆ ಕಾರಣ.

ಹಿನ್ನೆಲೆ

ಕೇಂದ್ರವನ್ನು ನಡೆಸುವುದು ಒಂದು ಟ್ರಸ್ಟ್. ಕಡಲಿಗೆ ಮುಖ ಮಾಡಿದ ಹಂಚಿನ ಕಟ್ಟಡ, ಒಳಗೆ ಎರಡು ಹಾಲ್. ಮೊದಲ ಹಾಲಿನ ಗೋಡೆ ತುಂಬಾ ಫಲಕಗಳು. ಕಪಾಟಿನಲ್ಲಿ ಫಾರ್ಮಲಿನ್ ಜಾಡಿಗಳು, ಅದರೊಳಗೆ ಬಣ್ಣ ಬಿಟ್ಟು ಬಿಳಿಚಿಕೊಂಡ ಮೀನುಗಳು. ಎರಡನೇ ಹಾಲಿನ ನಡುವೆ ಫೈಬರ್‌ನ ಒಂದು ಉದ್ದ ತೊಟ್ಟಿ, ಮಕ್ಕಳ ಸೊಂಟದ ಎತ್ತರಕ್ಕೆ. ಅದರಲ್ಲಿ ನಕ್ಷತ್ರ ಮೀನು, ಮುಳ್ಳುಚೆಂಡಿನ ಹಾಗಿರುವ ಅರ್ಚಿನ್, ಖಾಲಿ ಶಂಖದೊಳಗೆ ಸೇರಿಕೊಂಡು ಬದುಕುವ ಏಡಿ, ಕೆಲವು ಬಗೆಯ ಕಡಲ ಬಸವನಹುಳು. ಬಂದವರು ಕೈ ಹಾಕಿ ಮುಟ್ಟಬಹುದು. ಕೇಂದ್ರದ ಹೆಸರು ಓಡುತ್ತಿದ್ದದ್ದೇ ಈ ತೊಟ್ಟಿಯಿಂದ.

ಬರುವವರಲ್ಲಿ ಜಾಸ್ತಿ ಜನ ಘಟ್ಟದ ಮೇಲಿನವರು. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲು ಸಾಲಾಗಿ ಬರುತ್ತವೆ. ಹಾವೇರಿ, ದಾವಣಗೆರೆ, ಗದಗ ಕಡೆಯ ಮಕ್ಕಳು, ಎಷ್ಟೋ ಜನ ಕಡಲನ್ನೇ ಮೊದಲ ಸಲ ನೋಡುವವರು. ಜೋಗ, ಮುರುಡೇಶ್ವರ, ಗೋಕರ್ಣ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಸಬೇಕು. ಕೇಂದ್ರಕ್ಕೆ ಸಿಗುವುದು ಅರ್ಧ ಗಂಟೆ, ಅದೂ ಬಸ್ಸು ಬೇಗ ಬಂದರೆ. ಪಕ್ಕದ ಮೀನುಗಾರರ ಕೇರಿಯ ಮಕ್ಕಳು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಟಿಕೆಟ್ ಅವರಿಗೆ ಪುಕ್ಕಟೆ ಇದ್ದರೂ ಬರುತ್ತಿರಲಿಲ್ಲ.

ಕೆಲಸಕ್ಕೆ ಇದ್ದವರು ಕೆಲವೇ ಜನ. ಈ ಬರಹದಲ್ಲಿ ಮುಖ್ಯವಾಗಿ ಬರುವವರು ಮೂವರು. ಲೆಕ್ಕಪತ್ರ, ಬುಕಿಂಗ್ ಎಲ್ಲ ನೋಡುವ ಉಸ್ತುವಾರಿ. ಕಡಲ ಜೀವಶಾಸ್ತ್ರ ಓದಿ ಹೊಸದಾಗಿ ಸೇರಿದ್ದ ಗೈಡ್. ಮತ್ತೆ ತೊಟ್ಟಿ ನೋಡಿಕೊಳ್ಳುವ ಹಿರಿಯರು. ಮೊದಲು ದೋಣಿಗೆ ಹೋಗುತ್ತಿದ್ದವರು ಅವರು. ಎಲ್ಲರೂ ಅಣ್ಣ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ತೊಟ್ಟಿಯಲ್ಲಿ ಯಾವತ್ತೂ ಜೀವಿಗಳು ಇರುತ್ತಿದ್ದವು. ಹಾಗಾಗಿ ಅವು ಚೆನ್ನಾಗಿವೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನಡೆಯುತ್ತಿದ್ದದ್ದು ಬೇರೆ. ನೀರು ಇಳಿದಾಗಲೆಲ್ಲ ಅಣ್ಣ ಬಂಡೆ ಕಡೆ ಹೋಗಿ ಹೊಸದನ್ನು ತರುತ್ತಿದ್ದರು. ಟ್ರಾಲರ್ ಬಲೆಗೆ ಸಿಕ್ಕಿ ಬಂದವನ್ನು ಪರಿಚಯದ ದೋಣಿಯವರು ಬಕೆಟ್‌ನಲ್ಲಿ ಕೊಡುತ್ತಿದ್ದರು. ಸತ್ತದ್ದನ್ನು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ತೆಗೆದುಬಿಡುತ್ತಿದ್ದರು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಆದರೆ ಯಾರೂ ಕೇಳಿಯೂ ಇರಲಿಲ್ಲ.

ಗೈಡ್ ಬಂದ ಮೇಲೆ ಒಂದು ಸಾದಾ ರೂಲ್ ಪುಸ್ತಕ ತಂದಿಟ್ಟರು. ಏನು ಬಂತು, ಎಲ್ಲಿಂದ ಬಂತು, ಏನಾಯಿತು. ಮೂರೇ ಕಾಲಂ. ಕೆಲವು ತಿಂಗಳಲ್ಲಿ ಪುಟಗಳು ತುಂಬಿದವು. ಮೊದಲ ಎರಡು ಕಾಲಂ ಭರ್ತಿ. ಮೂರನೆಯದರಲ್ಲಿ "ವಾಪಸ್ ಬಿಟ್ಟಿದ್ದು" ಅನ್ನುವ ಮಾತು ಹುಡುಕಬೇಕು, "ಸತ್ತಿದೆ" ಅನ್ನುವುದು ಸಾಲು ಸಾಲಾಗಿ ಇದೆ. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ವಸ್ತು ಈ ಪುಸ್ತಕ. ಇದು ಇಲ್ಲದಿದ್ದರೆ ಮುಂದಿನ ಯಾವ ಚರ್ಚೆಯೂ ಆಗುತ್ತಿರಲಿಲ್ಲ.

ಪುಸ್ತಕದಿಂದ ಇನ್ನೊಂದೂ ಹೊರಬಂತು. ಬಲೆಗೆ ಸಿಕ್ಕಿದ ಬಕೆಟ್‌ನಲ್ಲಿ ಆಗಾಗ ಸಮುದ್ರ ಸೌತೆ ಅನ್ನುವ ಸೌತೆಕಾಯಿ ಆಕಾರದ ಮೆತ್ತನೆ ಪ್ರಾಣಿ, ಒಮ್ಮೊಮ್ಮೆ ಕಡಲ ಕುದುರೆ ಬರುತ್ತಿದ್ದವು. ಇವೆರಡನ್ನೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ಅನುಮತಿ ಇಲ್ಲದೆ ಹೀಗೆ ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. ದೋಣಿಯವರಿಗೆ ಇದು ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಅವತ್ತಿನಿಂದಲೇ ಬಕೆಟ್ ತೆಗೆದುಕೊಳ್ಳುವುದು ನಿಂತಿತು. ಇದಕ್ಕೆ ಚರ್ಚೆ ಬೇಕಾಗಲಿಲ್ಲ.

ಆಮೇಲೆ ಮಳೆಗಾಲ ಬಂತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಘಟ್ಟದಿಂದ ಇಳಿಯುವ ಹೊಳೆಗಳು ಕೆಂಪು ನೀರನ್ನು ಅಳಿವೆಯಿಂದ ಹೊರಗೆ ದೂಡುತ್ತವೆ. ಕೇಂದ್ರದ ಪಂಪು ನೀರೆಳೆಯುವ ಜಾಗ ಅಳಿವೆಗೆ ತುಂಬಾ ದೂರವಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಒಂದು ವಾರ ಬಿಡದೆ ಮಳೆ ಹೊಡೆದ ಮೇಲೆ ತೊಟ್ಟಿಯ ನೀರನ್ನು ಅಳೆದಾಗ ಅದು 20ಕ್ಕಿಂತ ಕೆಳಗೆ ಇಳಿದಿತ್ತು.

ಮೀನಿಗೆ, ಎಷ್ಟೋ ಏಡಿಗಳಿಗೆ ಇಂತಹ ಬದಲಾವಣೆಯನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುವ ಏರ್ಪಾಡು ದೇಹದಲ್ಲೇ ಇದೆ. ನಕ್ಷತ್ರ ಮೀನಿಗೆ ಇಲ್ಲ. ಅದರ ಮೈಯೊಳಗಿನ ದ್ರವ ಹೆಚ್ಚುಕಡಿಮೆ ಕಡಲ ನೀರಿನಷ್ಟೇ ಉಪ್ಪು. ಹೊರಗಿನ ನೀರು ಸಪ್ಪೆಯಾದರೆ ಆ ನೀರು ಮೈಯೊಳಗೆ ನುಗ್ಗುತ್ತದೆ. ಅದು ನಡೆಯುವುದೂ, ಹಿಡಿದುಕೊಳ್ಳುವುದೂ ತೋಳಿನ ಅಡಿಯಲ್ಲಿರುವ ನೂರಾರು ಸಣ್ಣ ಕೊಳವೆ ಕಾಲುಗಳಿಂದ. ಆ ಕಾಲುಗಳಲ್ಲಿ ಓಡಾಡುವುದೂ ನೀರೇ. ಮೊದಲು ಹಿಡಿತ ಸಡಿಲವಾಯಿತು, ತೊಟ್ಟಿಯ ಗೋಡೆಯಲ್ಲಿದ್ದವು ಕೆಳಗೆ ಬಿದ್ದವು. ತೋಳುಗಳು ಮೆತ್ತಗಾಗಿ ಜೋತುಬಿದ್ದವು. ಮೇಲಿನ ಚರ್ಮದ ಮೇಲೆ ಬಿಳಿ ಕಲೆ ಕಾಣಿಸಿತು. ಒಂದು ವಾರಾಂತ್ಯ ಕಳೆಯುವಷ್ಟರಲ್ಲಿ ನಕ್ಷತ್ರ ಮೀನು, ಅರ್ಚಿನ್ ಎರಡೂ ಪೂರ್ತಿ ಹೋದವು.

ಹಿಂದಿನ ವರ್ಷಗಳಲ್ಲೂ ಹೀಗೇ ಆಗಿತ್ತು ಅಂತ ಅಣ್ಣ ಹೇಳಿದರು. ಮಳೆ ಬಿಟ್ಟ ಮೇಲೆ ಹೊಸದು ತಂದರೆ ಆಯಿತು, ಅಷ್ಟೇ. ಈ ಸಲ ಪುಸ್ತಕ ಇತ್ತು, ಹಾಗಾಗಿ ಅಷ್ಟಕ್ಕೇ ಬಿಡಲು ಆಗಲಿಲ್ಲ.

ತೊಟ್ಟಿಯ ಹತ್ತಿರ ಮಕ್ಕಳು ಏನು ಕಲಿಯುತ್ತಿದ್ದರು?

ಜೀವಿಗಳು ಸಾಯುತ್ತಿದ್ದವು ಅನ್ನುವುದು ಒಂದು ಕಡೆ. ಇದರಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಗೊತ್ತಾಗುತ್ತಿತ್ತಾ ಅನ್ನುವ ಪ್ರಶ್ನೆ ಇನ್ನೊಂದು ಕಡೆ. ಗೈಡ್ ಹಿಂದಿನ ಪ್ರವಾಸದ ದಿನಗಳಲ್ಲಿ ತೊಟ್ಟಿಯ ಪಕ್ಕ ನಿಂತು ಮಕ್ಕಳ ಮಾತುಗಳನ್ನು ಬರೆದಿಟ್ಟುಕೊಂಡಿದ್ದರು. "ಗಟ್ಟಿ ಐತಿ ನೋಡು." "ಕಚ್ಚುತ್ತೇನ್ರೀ?" "ಜೀವ ಐತೋ ಪ್ಲಾಸ್ಟಿಕ್ಕೋ?" ಕೊನೆಯ ಪ್ರಶ್ನೆ ಮತ್ತೆ ಮತ್ತೆ ಬಂದಿತ್ತು.

ಹಾಗೆ ಕೇಳುವುದು ಸಹಜ. ತೊಟ್ಟಿಯಲ್ಲಿ ನಕ್ಷತ್ರ ಮೀನು ಕದಲುತ್ತಲೇ ಇರಲಿಲ್ಲ. ಒಂದಾದ ಮೇಲೊಂದು ಕೈ ಬಂದು ಎತ್ತಿ, ತಿರುಗಿಸಿ, ಇಡುತ್ತಿದ್ದರೆ ಅದು ಇನ್ನೇನು ಮಾಡೀತು? ಬಂಡೆಯ ಮೇಲಾದರೆ ಅದು ಬೇಟೆಗಾರ. ಚಿಪ್ಪನ್ನು ತಬ್ಬಿ ಹಿಡಿಯುತ್ತದೆ. ಕೆಲವು ಜಾತಿಗಳು ಹೊಟ್ಟೆಯನ್ನೇ ಬಾಯಿಂದ ಹೊರಗೆ ಹಾಕಿ ಚಿಪ್ಪಿನೊಳಗಿನ ಜೀವವನ್ನು ಅಲ್ಲೇ ಜೀರ್ಣ ಮಾಡಿಕೊಳ್ಳುತ್ತವೆ. ತೋಳು ಹೋದರೆ ಮತ್ತೆ ಬೆಳೆಸಿಕೊಳ್ಳುತ್ತವೆ. ಇಷ್ಟೆಲ್ಲ ಮಾಡುವ ಜೀವಿಯ ಬಗ್ಗೆ ಮಕ್ಕಳು ಊರಿಗೆ ತೆಗೆದುಕೊಂಡು ಹೋಗುತ್ತಿದ್ದದ್ದು ಅದು ಗಟ್ಟಿ ಇದೆ ಅನ್ನುವ ಒಂದೇ ಸಂಗತಿ.

ಇನ್ನೊಂದು ಮಾತು ನನಗೆ ಮುಖ್ಯ. ಕಡಲ ಜೀವಿ ಅಂದರೆ ನಾವು ಎತ್ತಿಕೊಳ್ಳಬಹುದಾದದ್ದು, ಕೈಯಲ್ಲಿಟ್ಟು ಫೋಟೋ ತೆಗೆಸಿಕೊಳ್ಳಬಹುದಾದದ್ದು. ಫಲಕದಲ್ಲಿ ಸಂರಕ್ಷಣೆ ಅಂತ ಎಷ್ಟೇ ದೊಡ್ಡದಾಗಿ ಬರೆದಿದ್ದರೂ ತೊಟ್ಟಿ ಕಲಿಸುತ್ತಿದ್ದದ್ದು ಈ ಪಾಠವನ್ನೇ. ಫಲಕ ಮಕ್ಕಳು ಓದುವುದಿಲ್ಲ. ನಾವು ಏನು ಮಾಡಲು ಬಿಡುತ್ತೇವೋ ಅದನ್ನು ಕಲಿಯುತ್ತಾರೆ.

ಮೊದಲ ಪ್ರಯತ್ನ: ತೊಟ್ಟಿಯನ್ನು ಉಳಿಸಿಕೊಳ್ಳುವುದು

ಇಷ್ಟಾದರೂ ತೊಟ್ಟಿ ಮುಚ್ಚುವ ಮಾತು ತಕ್ಷಣ ಬರಲಿಲ್ಲ. ಉಸ್ತುವಾರಿಯ ವಾದದಲ್ಲಿ ಹುರುಳಿತ್ತು. ಕೇಂದ್ರದ ಕರೆಂಟ್ ಬಿಲ್, ಸಂಬಳ ಎಲ್ಲ ಹೊರಡುವುದು ಆ ಎರಡು ಮೂರು ತಿಂಗಳ ಟಿಕೆಟ್‌ನಿಂದ. "ತೊಟ್ಟಿ ಇಲ್ಲ ಅಂದ್ರೆ ಬಸ್ಸು ಇಲ್ಲಿ ನಿಲ್ಲೋದೇ ಇಲ್ಲ ಸರ್" ಅಂದರು.

ಹಾಗಾಗಿ ಮೊದಲು ತೊಟ್ಟಿಯನ್ನೇ ಸರಿ ಮಾಡಲು ನೋಡಿದೆವು. ಮುಂದಿನ ಬೇಸಿಗೆಯ ಕೊನೆಗೆ, ನೀರು ಇನ್ನೂ ಪೂರ್ತಿ ಉಪ್ಪಾಗಿರುವಾಗಲೇ, ದೊಡ್ಡ ಸಿಂಟೆಕ್ಸ್ ಟ್ಯಾಂಕ್‌ಗಳಲ್ಲಿ ಕಡಲ ನೀರು ತುಂಬಿಸಿ ಇಡಲಾಯಿತು. ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರ್ ತಂದು ದಿನಾ ಎರಡು ಸಲ ಅಳೆದರು. ಫಿಲ್ಟರ್ ಬದಲಾಯಿತು. ಸ್ಯಾನಿಟೈಸರ್, ಕ್ರೀಮ್ ಹಚ್ಚಿದ ಕೈ ನೀರಿಗೆ ಹೋಗದಂತೆ ಬಾಗಿಲಲ್ಲೇ ನಲ್ಲಿ ಇಟ್ಟರು. ಎತ್ತುವ ಹಾಗಿಲ್ಲ, ನೀರಿನೊಳಗೇ ಎರಡು ಬೆರಳಿಂದ ಮಾತ್ರ ಮುಟ್ಟಬೇಕು ಅಂತ ನಿಯಮ ಆಯಿತು.

ಸ್ವಲ್ಪ ಸುಧಾರಿಸಿತು. ಶಂಖದ ಏಡಿ, ಬಸವನಹುಳು ಬಾಳಿದವು. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ನೀರಿಗೆ ಗಾಳಿ ಊದುವ ಯಂತ್ರ ನಿಂತರೆ ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಬ್ಯಾಟರಿ ಇಟ್ಟರೂ ಸಾಲಲಿಲ್ಲ. ಎರಡು ಬೆರಳಿನ ನಿಯಮವನ್ನು ನಲವತ್ತು ಮಕ್ಕಳ ಗುಂಪಿನ ಎದುರು ಒಬ್ಬ ಗೈಡ್ ಕಾಪಾಡುವುದು ಆಗದ ಮಾತು. ಪುಸ್ತಕದ ಮೂರನೇ ಕಾಲಂ ನಿಧಾನವಾಗಿ ತುಂಬಿತು, ಆದರೂ ತುಂಬಿತು.

ತಿರುವು

ಮಳೆ ಬಿಟ್ಟ ಮೇಲೆ, ಪ್ರವಾಸದ ಬಸ್ಸು ಶುರುವಾಗುವ ಮೊದಲು ಸಭೆ ಸೇರಿತು. ತೊಟ್ಟಿಗೆ ಹೊಸ ನಕ್ಷತ್ರ ಮೀನು ತರಬೇಕಾ, ಬೇಡವಾ? ಗೈಡ್ ಬೇಡ ಅಂದರು. ಉಸ್ತುವಾರಿ ಈ ವರ್ಷ ಒಂದು ಸಲ ಇರಲಿ ಅಂದರು. ಸಮಿತಿಯಲ್ಲಿ ಅಭಿಪ್ರಾಯ ಎರಡು ಹೋಳಾಯಿತು. ನಾನು ಬೇಡ ಅನ್ನುವವರ ಕಡೆ ಇದ್ದೆ.

ಅದುವರೆಗೆ ಮೂಲೆಯಲ್ಲಿ ಸುಮ್ನೆ ಕೂತಿದ್ದ ಅಣ್ಣ ಆಗ ಮಾತಾಡಿದರು. "ಅಲ್ಲ ಮಾರಾಯ್ರೆ, ನಾನು ಬಂಡೆಯಿಂದ ಇಲ್ಲಿಗೆ ಬಕೆಟ್ ಹೊರುದು, ಬಸ್ಸಿನವರು ಇಲ್ಲಿಗೆ ಬಂದು ನೋಡುದು. ಬಂಡೆ ಇಲ್ಲೇ ಉಂಟಲ್ಲ. ಅವರನ್ನೇ ಅಲ್ಲಿಗೆ ಕರ್ಕೊಂಡು ಹೋದ್ರೆ ಎಂತ?"

ಕಟ್ಟಡದಿಂದ ಬಂಡೆಗೆ ನಡೆದು ಹೋಗಬಹುದಾದ ದೂರ. ನೀರು ಇಳಿದಾಗ ಅದರ ಬಹುಭಾಗ ತೆರೆದುಕೊಳ್ಳುತ್ತದೆ. ಆಗಲೇ ಬೇರೆ ಕಡೆ ಇಂತಹ ಕೆಲಸ ನಡೆದಿತ್ತು. ಮುಂಬೈಯಲ್ಲಿ 2017ರಿಂದ ಆಸಕ್ತರು ಇಳಿತದ ಹೊತ್ತಿನಲ್ಲಿ ಜನರನ್ನು ಬಂಡೆ ತೀರಕ್ಕೆ ಕರೆದುಕೊಂಡು ಹೋಗಿ ಕಡಲ ಜೀವಿಗಳನ್ನು ಇದ್ದಲ್ಲೇ ತೋರಿಸುತ್ತಿದ್ದಾರೆ. ನಮಗೂ ಈ ವಿಷಯ ಗೊತ್ತಿತ್ತು. ಆದರೆ ನಮ್ಮ ಕೇಂದ್ರದಲ್ಲಿ ಇದು ಮಾಡಬಹುದಾದ ಕೆಲಸ ಅಂತ ಎಲ್ಲರಿಗೂ ಅನ್ನಿಸಿದ್ದು ಅಣ್ಣ ಹೇಳಿದ ಮೇಲೆ. ಹೊಸ ನಕ್ಷತ್ರ ಮೀನು, ಅರ್ಚಿನ್ ತರುವುದಿಲ್ಲ ಅಂತ ತೀರ್ಮಾನವಾಯಿತು. ಉಸ್ತುವಾರಿ ಒಂದು ಪ್ರವಾಸದ ಕಾಲ ಮಾತ್ರ ಅಂತ ಒಪ್ಪಿದರು.

ಬಂಡೆಯ ಮೇಲೆ

ಮೊದಲ ನಡಿಗೆ ಚೆನ್ನಾಗಿ ಆಗಲಿಲ್ಲ. ಒಂದು ಬಸ್ಸಿನ ಮಕ್ಕಳೆಲ್ಲ ಒಟ್ಟಿಗೆ ಇಳಿದರು. ಪಾಚಿಯ ಮೇಲೆ ಕಾಲು ಜಾರಿ ಇಬ್ಬರಿಗೆ ಮೊಣಕಾಲು ಕೆತ್ತಿತು. ಕಲ್ಲುಗಳನ್ನು ಮಗುಚಿ ಹಾಕಿ ಹಾಗೇ ಬಿಟ್ಟರು. ಕಲ್ಲಿನ ಅಡಿಯ ತೇವದಲ್ಲಿ ಬದುಕುವ ಜೀವಿಗಳಿಗೆ ಬಿಸಿಲು ತಾಗಿದರೆ ಮುಗಿಯಿತು. ತೊಟ್ಟಿಯಲ್ಲಿ ಆಗುತ್ತಿದ್ದ ಹಾನಿಯನ್ನು ನಾವು ಬಂಡೆಗೆ ಸಾಗಿಸಿದ ಹಾಗಾಯಿತು ಅಂತ ಗೈಡ್ ಅವತ್ತೇ ವರದಿ ಬರೆದರು. ಒಳ್ಳೆಯ ವರದಿ ಅದು. ನಡಿಗೆ ನಿಲ್ಲಿಸಿ ಅನ್ನಲಿಲ್ಲ, ಯಾವ ಯಾವುದನ್ನು ಬದಲಿಸಬೇಕು ಅಂತ ಬರೆದಿದ್ದರು.

ಒಬ್ಬ ಗೈಡ್‌ಗೆ ಹನ್ನೆರಡು ಮಕ್ಕಳು, ಅದಕ್ಕಿಂತ ಜಾಸ್ತಿ ಇಲ್ಲ. ಉಳಿದವರು ಆ ಹೊತ್ತಿಗೆ ಕಟ್ಟಡದೊಳಗೆ. ಕಾಲಿಡುವುದು ಬರಿ ಬಂಡೆ, ಮರಳಿನ ಮೇಲೆ ಮಾತ್ರ. ಕಲ್ಲು ಎತ್ತುವುದು ಗೈಡ್ ಒಬ್ಬರೇ, ಎತ್ತಿದ್ದನ್ನು ಇದ್ದ ಹಾಗೇ ಇಡಬೇಕು. ಶಂಖ ಎತ್ತಬಾರದು. ಅದರೊಳಗೆ ಏಡಿಯ ಮನೆ ಇರಬಹುದು, ಕೋನ್ ಶಂಖವಾದರೆ ವಿಷದ ಮುಳ್ಳು ಚುಚ್ಚಬಹುದು. ಇಡೀ ಬಂಡೆ ಸುತ್ತುವುದೂ ಬೇಡ, ಮೂರು ಕಡೆ ಕೂತು ನೋಡಿದರೆ ಸಾಕು.

ಈ ಕೂತು ನೋಡುವುದೇ ದೊಡ್ಡ ಬದಲಾವಣೆ ತಂದಿತು. ಬಂಡೆಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದರೆ ಪಟ್ಟಿ ಪಟ್ಟಿಯಾಗಿ ಜೀವಿಗಳು ಬದಲಾಗುತ್ತವೆ. ತುತ್ತತುದಿಯಲ್ಲಿ ಕಡಲೆಕಾಳಿನಷ್ಟು ಸಣ್ಣ ಬಸವನಹುಳುಗಳು. ಗಂಟೆಗಟ್ಟಲೆ ನೀರಿಲ್ಲದೆ, ಬಾಗಿಲು ಮುಚ್ಚಿಕೊಂಡು ಬಿಸಿಲಲ್ಲಿ ಕೂತಿರುತ್ತವೆ. ಅದರ ಕೆಳಗೆ ಕಾಲಿಗೆ ಚುಚ್ಚುವ ಬಿಳಿ ಬಾರ್ನಕಲ್. ನೋಡಲು ಚಿಪ್ಪಿನ ಹಾಗಿದ್ದರೂ ಇದು ಸಿಗಡಿ, ಏಡಿಗಳ ನೆಂಟ. ಮರಿಯಿದ್ದಾಗ ಈಜಾಡಿಕೊಂಡಿದ್ದು, ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಜೀವನಪೂರ್ತಿ ಅಲ್ಲೇ ಉಳಿಯುತ್ತದೆ. ನೀರು ಬಂದಾಗ ಕಾಲುಗಳನ್ನು ಬೀಸಿ ಊಟ ಹಿಡಿಯುತ್ತದೆ. ಇನ್ನೂ ಕೆಳಗೆ ಬಂಡೆ ಸಿಂಪಿ, ಅದರ ಕೆಳಗೆ ಹಸಿರು ಪಾಚಿ, ನೀರು ನಿಂತ ಗುಂಡಿಗಳಲ್ಲಿ ಹೂವಿನ ಹಾಗೆ ಕಾಣುವ ಅನಿಮೋನ್ ಅನ್ನುವ ಪ್ರಾಣಿ, ಸಂದಿನಲ್ಲಿ ಅರ್ಚಿನ್. ಎಷ್ಟು ಹೊತ್ತು ಒಣಗಿ ಇರಲು ತಾಳುತ್ತದೋ ಅದರ ಮೇಲೆ ಒಂದೊಂದರ ಜಾಗ ಗೊತ್ತಾಗುತ್ತದೆ. ಎರಡು ಗೇಣು ಮೇಲೆ ಕೆಳಗೆ ಆದರೂ ಬದುಕು ಬೇರೆ.

ಒಂದು ದಿನ ನಾನು ಜೊತೆಗಿದ್ದೆ. ಲಿಂಪೆಟ್ ಅನ್ನುವ ಟೋಪಿ ಆಕಾರದ ಚಿಪ್ಪಿನ ಜೀವಿ ಬಂಡೆಯಲ್ಲಿ ತನ್ನ ಅಳತೆಗೆ ಸರಿಯಾಗಿ ಸವೆದ ಒಂದು ಕಲೆ, ಅಂದರೆ ಕೂರುವ ಗುರುತು, ಮಾಡಿಕೊಂಡಿತ್ತು. ಪಾಚಿ ಮೇಯಲು ಹೋಗಿ, ನೀರು ಇಳಿಯುವ ಹೊತ್ತಿಗೆ ಎಷ್ಟೋ ಲಿಂಪೆಟ್‌ಗಳು ಅದೇ ಕಲೆಗೆ ವಾಪಸ್ ಬರುತ್ತವೆ. ಗೈಡ್ ಇಷ್ಟು ಹೇಳಿ ಸುಮ್ಮನಾದರು. ಒಬ್ಬ ಹುಡುಗಿ ಪಕ್ಕದ ಖಾಲಿ ಕಲೆಯನ್ನು ತೋರಿಸಿ, "ಇದರದ್ದು ಎಲ್ಲಿಗೆ ಹೋಗೈತಿ ಹಂಗಾದ್ರ?" ಅಂದಳು. ಆಮೇಲೆ ಆ ಗುಂಪಿನ ಮಕ್ಕಳೆಲ್ಲ ಕಲೆ ಹುಡುಕುವುದರಲ್ಲೇ ಮುಳುಗಿದರು. ಯಾರೂ ಯಾವುದನ್ನೂ ಮುಟ್ಟಲಿಲ್ಲ, ಮುಟ್ಟಬೇಡಿ ಅಂತ ಹೇಳುವ ಅಗತ್ಯವೂ ಬೀಳಲಿಲ್ಲ. ತೊಟ್ಟಿಯ ಪಕ್ಕ ಕೇಳಿಸದೇ ಇದ್ದ ತರಹದ ಪ್ರಶ್ನೆ ಅದು.

ದಿನಾಂಕ ಯಾರದ್ದು?

ನಿಜವಾದ ಜಗಳ ಹುಟ್ಟಿದ್ದು ಬುಕಿಂಗ್ ಪುಸ್ತಕದಲ್ಲಿ. ಅದುವರೆಗೆ ಶಾಲೆಯವರು ದಿನ, ಹೊತ್ತು ಹೇಳುತ್ತಿದ್ದರು, ಕೇಂದ್ರ ಬರೆದುಕೊಳ್ಳುತ್ತಿತ್ತು. ಬಂಡೆ ತೆರೆದುಕೊಳ್ಳುವುದು ಕಡಲಿನ ಲೆಕ್ಕದಲ್ಲಿ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಹತ್ತು ಮೀಟರ್ ದಾಟುತ್ತದೆ. ನಮ್ಮ ಕರಾವಳಿಯಲ್ಲಿ ಅದು ಎರಡು ಮೀಟರ್ ಆಸುಪಾಸು, ಅದೂ ಅಮಾವಾಸ್ಯೆ ಹುಣ್ಣಿಮೆಯ ಸುತ್ತಮುತ್ತ. ಉಳಿದ ದಿನಗಳಲ್ಲಿ ಅಷ್ಟು ತಗ್ಗುವುದಿಲ್ಲ. ಮೇಲಾಗಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಹಾಗಾಗಿ ನಡಿಗೆ ಮಾಡಬಹುದಾದ ಹೊತ್ತು ತಿಂಗಳಲ್ಲಿ ಕೆಲವೇ ದಿನ, ದಿನದಲ್ಲಿ ಎರಡು ಗಂಟೆಯ ಆಸುಪಾಸು.

ಉಸ್ತುವಾರಿಗೆ ಇದು ಅಸಾಧ್ಯ ಅನ್ನಿಸಿತು. ಕೊನೆಗೆ ಅವರೇ ದಾರಿ ಕಂಡುಕೊಂಡರು. ಉಬ್ಬರ ಇಳಿತದ ಪಟ್ಟಿ ಮೊದಲೇ ಸಿಗುತ್ತದೆ, ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುತ್ತದೆ. ಅದನ್ನು ನೋಡಿ ಪ್ರವಾಸದ ಕಾಲದ ನಡಿಗೆ ದಿನಗಳನ್ನು ಗುರುತು ಹಾಕಿ, ಶಾಲೆ ತೆರೆಯುವ ಜೂನ್‌ನಲ್ಲೇ ಹಳೆಯ ಶಾಲೆಗಳಿಗೆಲ್ಲ ಕಳಿಸಿದರು. "ಈ ದಿನ, ಈ ಹೊತ್ತಿಗೆ ಬಂದರೆ ಬಂಡೆ ಕಾಣುತ್ತದೆ. ಯಾಕೆ ಅಂತ ಮಕ್ಕಳಿಗೆ ತರಗತಿಯಲ್ಲೇ ಹೇಳಿಕೊಡಿ" ಅನ್ನುವ ಚೀಟಿಯ ಜೊತೆ. ಕೆಲವು ಶಾಲೆಗಳು ಆಗಲ್ಲ ಅಂದವು. ಒಂದೆರಡು ಆಮೇಲೆ ಬರಲೇ ಇಲ್ಲ. ಒಪ್ಪಿಕೊಂಡವು ಪ್ರವಾಸದ ದಾರಿಯನ್ನೇ ಬದಲಿಸಿದವು, ಜೋಗ ಮೊದಲು, ಕಡಲು ಆಮೇಲೆ ಅಂತ. ಒಬ್ಬ ಮೇಷ್ಟ್ರು ಚಂದ್ರನ ಪಾಠವನ್ನು ಪ್ರವಾಸದ ಹಿಂದಿನ ವಾರಕ್ಕೆ ಇಟ್ಟುಕೊಂಡಿದ್ದರು. ಅವರ ಮಕ್ಕಳು ಬಸ್ಸಿಳಿಯುವಾಗಲೇ ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ವಾದ ಮಾಡುತ್ತಾ ಇಳಿದರು.

ಕಡಲಿನ ಹೊತ್ತಿಗೆ ಮನುಷ್ಯ ಹೊಂದಿಕೊಳ್ಳಬೇಕು ಅನ್ನುವುದು ಇಡೀ ಭೇಟಿಯ ಮೊದಲ ಪಾಠವಾಯಿತು, ಅದೂ ಒಂದು ಬುಕಿಂಗ್ ಪಟ್ಟಿಯಿಂದ. ಇಂತಹ ಕೇಂದ್ರ ನಡೆಸುವವರು ಗಮನಿಸಬೇಕಾದದ್ದು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಟಿಕೆಟ್, ಸಮಯ, ಗುಂಪಿನ ಗಾತ್ರ ಎಲ್ಲವನ್ನೂ ನಾವು ಆಡಳಿತ ಅಂದುಕೊಳ್ಳುತ್ತೇವೆ. ಅವೂ ಪಾಠವೇ.

ಮುಟ್ಟಲು ಏನೂ ಇಲ್ವಾ?

ನಡಿಗೆ ಇಲ್ಲದ ದಿನ ಬಂದವರಿಗೆ ಏನು ಕೊಡುವುದು? ಮಳೆಗಾಲದಲ್ಲಂತೂ ಬಂಡೆಯ ಹತ್ತಿರ ಹೋಗುವ ಹಾಗೇ ಇಲ್ಲ, ಅಲೆ ಎಳೆದುಕೊಂಡು ಹೋಗುತ್ತದೆ. ಖಾಲಿ ತೊಟ್ಟಿ ನೋಡಿ ಪೋಷಕರು ಕೇಳುತ್ತಿದ್ದದ್ದು ಒಂದೇ: "ಮಕ್ಕಳಿಗೆ ಮುಟ್ಟೋಕೆ ಏನೂ ಇಲ್ವಾ?" ಮುಟ್ಟಿ ನೋಡಬೇಕು ಅನ್ನುವ ಆಸೆಯಲ್ಲಿ ತಪ್ಪಿಲ್ಲ. ಅದು ಕಲಿಕೆಯ ಬಾಗಿಲೇ.

ಉತ್ತರ ಬಂದದ್ದು ಮೀನು ಮಾರುಕಟ್ಟೆಯಿಂದ. ಕೇರಿಯ ಒಬ್ಬ ಹಿರಿಯ ಮೀನುಗಾರ ಹೆಂಗಸನ್ನು, ಎಲ್ಲರ ಪಾಲಿನ ಅಕ್ಕನನ್ನು, ದಿನಗೂಲಿ ಕೊಟ್ಟು ಕರೆಸಲಾಯಿತು. ತೊಟ್ಟಿಯ ಮೇಲೆ ಹಲಗೆ ಹಾಸಿ ಅದನ್ನೇ ಮೇಜು ಮಾಡಿದರು. ಅಕ್ಕ ಅವತ್ತು ಸಿಕ್ಕಿದ ಮೀನು ತರುತ್ತಾರೆ, ಬೂತಾಯಿ, ಬಂಗುಡೆ, ಏನಿದೆಯೋ ಅದು. ಕಿವಿರು ಎತ್ತಿ ಕೆಂಪು ತೋರಿಸುತ್ತಾರೆ. ಹೊಟ್ಟೆ ಸೀಳುತ್ತಾರೆ. ಗೈಡ್ ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಕೂರುತ್ತಾರೆ. ಮಕ್ಕಳು ಎಷ್ಟು ಬೇಕಾದರೂ ಮುಟ್ಟಬಹುದು.

ಮಳೆಗಾಲದಲ್ಲಿ ಈ ಮೇಜು ಮಾಡಿದ ಕೆಲಸ ನೋಡಿ ನನಗೆ ತುಂಬಾ ಖುಷಿಯಾಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದೆ, ಹಾಗಾಗಿ ಸ್ವಲ್ಪ ಮೀನು ಬರುತ್ತದೆ. ಆ ದಿನಗಳ ಬೂತಾಯಿಯ ಹೊಟ್ಟೆ ಸೀಳಿದರೆ ಎರಡೂ ಬದಿಗೆ ಹಳದಿ ಮೊಟ್ಟೆಯ ಗೊಂಚಲು. ಮುಂಗಾರಿನ ಗಾಳಿಗೆ ಕಡಲಿನ ಆಳದ ತಂಪು ನೀರು ತೀರದ ಹತ್ತಿರ ಮೇಲೆ ಬರುತ್ತದೆ, ಅದರ ಜೊತೆ ಪೋಷಕಾಂಶಗಳೂ ಬರುತ್ತವೆ. ಕಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಗೆ ಅದೇ ಊಟ. ಮರಿಗೆ ಊಟ ಸಿಗುವ ಕಾಲಕ್ಕೆ ತಾಯಿ ಮೊಟ್ಟೆ ಇಡುತ್ತದೆ. ನಿಷೇಧದ ಬಗ್ಗೆ ಮೊದಲ ಹಾಲಿನಲ್ಲಿ ಒಂದು ಫಲಕ ವರ್ಷಗಳಿಂದ ಇತ್ತು. ಮೊಟ್ಟೆಯ ಗೊಂಚಲು ಕೈಯಲ್ಲಿ ಹಿಡಿದ ಹುಡುಗನಿಗೆ ಆ ಫಲಕ ಬೇಕಾಗಲಿಲ್ಲ. "ಈಗ ಹಿಡಿದ್ರೆ ಇದೆಲ್ಲಾ ಹೋಯ್ತಲ್ಲ!" ಅಂದ.

ಅಕ್ಕನಿಗೆ ಗೊತ್ತಿದ್ದದ್ದು ಗೈಡ್‌ಗೆ ಗೊತ್ತಿರಲಿಲ್ಲ, ಗೈಡ್‌ಗೆ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತಿರಲಿಲ್ಲ. ಮೀನಿನ ತಲೆಯೊಳಗಿನ ಕಿವಿಗಲ್ಲನ್ನು ಗೈಡ್ ಹೊರತೆಗೆದು, ಅದರ ಗೆರೆಗಳಿಂದ ಮೀನಿನ ವಯಸ್ಸು ಲೆಕ್ಕ ಹಾಕುತ್ತಾರೆ ಅಂತ ತೋರಿಸಿದರು. ಅಕ್ಕ ಅದನ್ನು ಅಂಗೈಯಲ್ಲಿಟ್ಟು, "ಇಷ್ಟು ವರ್ಷ ಇದನ್ನು ಬೆಕ್ಕಿಗೆ ಹಾಕಿದ್ದಲ್ಲ ನಾನು" ಅಂದರು. ಮರುವಾರ ಅಕ್ಕನ ಮೊಮ್ಮಕ್ಕಳು ಬಂದರು. ಆಮೇಲೆ ಕೇರಿಯ ಇತರ ಮಕ್ಕಳು. ಅವರನ್ನು ಕರೆತರಲು ಕೇಂದ್ರ ಹಿಂದೆ ಹಮ್ಮಿಕೊಂಡಿದ್ದ ಯಾವ ಕಾರ್ಯಕ್ರಮವೂ ಇಷ್ಟು ಫಲ ಕೊಟ್ಟಿರಲಿಲ್ಲ. ತಮ್ಮ ಮನೆಯವರು ಹೇಳಿಕೊಡುವ ಜಾಗದಲ್ಲಿ ಕೂತಾಗ ಆ ಮಕ್ಕಳು ಬಾಯಿ ಬಿಟ್ಟರು.

ಏನಾಯಿತು

ಮೊದಲ ಪ್ರವಾಸದ ಕಾಲದಲ್ಲಿ ಟಿಕೆಟ್ ಹಣ ಇಳಿಯಿತು. ಇದನ್ನು ಮರೆಮಾಚಬಾರದು. ಟ್ರಸ್ಟ್‌ನವರು ಒಂದು ವರ್ಷ ಕೈಯಿಂದ ಹಾಕಿದರು. ಎರಡನೇ ವರ್ಷ ಬಸ್ಸುಗಳು ಕಡಿಮೆಯೇ ಇದ್ದವು, ಆದರೆ ಬಂದವರು ಅರ್ಧ ಗಂಟೆಯ ಬದಲು ಅರ್ಧ ದಿನ ಇದ್ದರು. ಪುಟ್ಟ ಶುಲ್ಕ ಸೇರಿಸಿದರೂ ಯಾರೂ ತಕರಾರು ಮಾಡಲಿಲ್ಲ. ಒಂದು ಕೇಂದ್ರ ಈ ದಾರಿ ಹಿಡಿಯುವುದಾದರೆ ಒಂದು ವರ್ಷದ ಕೊರತೆಗೆ ಮೊದಲೇ ಹಣ ಎತ್ತಿಡಬೇಕು. ಇಲ್ಲದಿದ್ದರೆ ಮೊದಲ ನಷ್ಟಕ್ಕೇ ಹಳೆಯದಕ್ಕೆ ವಾಪಸ್ ಹೋಗುವ ಒತ್ತಡ ಬರುತ್ತದೆ.

ಕಲಿಕೆ ಬದಲಾಯಿತಾ ಅಂತ ನೋಡಲು ಗೈಡ್ ಚಿತ್ರ ಬರೆಸಿದರು. ಭೇಟಿಗೆ ಮೊದಲು ಕಡಲ ತೀರದ ಚಿತ್ರ, ಊರಿಗೆ ಹೋಗಿ ಒಂದು ತಿಂಗಳಾದ ಮೇಲೆ ಮೇಷ್ಟ್ರ ಕೈಲಿ ಇನ್ನೊಂದು. ಮೊದಲಿನವುಗಳಲ್ಲಿ ನೀಲಿ ಅಲೆ, ಸೂರ್ಯ, ಮರಳ ಮೇಲೆ ಕಣ್ಣು ಬಾಯಿ ಇರುವ ನಕ್ಷತ್ರ ಮೀನು. ಎರಡನೆಯವುಗಳಲ್ಲಿ ಬಂಡೆ ಬಂದಿತ್ತು. ಎಷ್ಟೋ ಮಕ್ಕಳು ಬಂಡೆಯನ್ನು ಅಡ್ಡ ಗೆರೆ ಎಳೆದು ಪಟ್ಟಿ ಮಾಡಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಬರೆದಿದ್ದರು. ಕೆಲವರು ನೀರಿನ ಎರಡು ಮಟ್ಟವನ್ನೂ ತೋರಿಸಿದ್ದರು. ಬರೀ ಒಳಗಿನ ಹಾಲ್ ನೋಡಿ ಹೋದ ಗುಂಪಿನ ಚಿತ್ರಗಳಲ್ಲಿ ಈ ಬದಲಾವಣೆ ಅಷ್ಟು ಕಾಣಲಿಲ್ಲ.

ಬಗೆಹರಿಯದ್ದೂ ಇದೆ. ವೀಲ್‌ಚೇರ್‌ನಲ್ಲಿ ಬಂದವರು, ಮಂಡಿ ನೋವಿನ ಹಿರಿಯರು ಬಂಡೆಗೆ ಇಳಿಯಲು ಆಗುವುದಿಲ್ಲ. ತೊಟ್ಟಿ ಅವರಿಗೆ ಸಿಗುತ್ತಿದ್ದ ಕಡಲು. ಇದನ್ನು ಎತ್ತಿ ಹೇಳಿದ್ದು ಉಸ್ತುವಾರಿ, ಮತ್ತು ಅವರ ಮಾತು ಸರಿ. ಈಗ ಹಲಗೆಯ ಒಂದು ತುದಿ ತೆಗೆದು ಸಣ್ಣ ಗಾಜಿನ ತೊಟ್ಟಿ ಇಟ್ಟಿದ್ದಾರೆ. ಅದರಲ್ಲಿ ಶಂಖದ ಏಡಿಗಳು ಮಾತ್ರ. ಕೆಲವು ವಾರ ಇಟ್ಟು ತಂದ ಜಾಗಕ್ಕೇ ಬಿಡುತ್ತಾರೆ, ಮಳೆಗಾಲದಲ್ಲಿ ಇಡುವುದೇ ಇಲ್ಲ. ಬಂಡೆಯ ಗುಂಡಿಯಿಂದ ನೇರ ವಿಡಿಯೋ ತೋರಿಸುವ ಯೋಚನೆ ಇದೆ, ಹಣ ಸಿಕ್ಕಿಲ್ಲ. ನನಗೆ ಈ ಏರ್ಪಾಡು ಸಾಲದು ಅನ್ನಿಸುತ್ತದೆ.

ಇನ್ನೊಂದು ಕಾಳಜಿ ಬಂಡೆಯದ್ದೇ. ಹನ್ನೆರಡು ಮಕ್ಕಳಾದರೂ ಕಾಲು ಕಾಲೇ. ಅದಕ್ಕೆ ಗೈಡ್ ಮತ್ತು ಅಣ್ಣ ಸೇರಿ ಪಕ್ಕದ ಇನ್ನೊಂದು ಬಂಡೆಯನ್ನು ಯಾರೂ ಹತ್ತದ ಜಾಗ ಅಂತ ಬಿಟ್ಟಿದ್ದಾರೆ. ಎರಡೂ ಬಂಡೆಗಳಲ್ಲಿ ಗುರುತು ಮಾಡಿದ ಚೌಕಗಳಿವೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹುಣ್ಣಿಮೆಯ ಇಳಿತಕ್ಕೆ ಅದೇ ಚೌಕಗಳ ಫೋಟೋ ತೆಗೆದು ಬಾರ್ನಕಲ್, ಸಿಂಪಿ, ಲಿಂಪೆಟ್ ಎಣಿಸುತ್ತಾರೆ. ಎಣಿಕೆಗೆ ಕೇರಿಯ ಮಕ್ಕಳು ಬರುತ್ತಾರೆ. ಲೆಕ್ಕ ಹೋಗುವುದು ಅದೇ ರೂಲ್ ಪುಸ್ತಕಕ್ಕೆ, ಈಗ ಅದರಲ್ಲಿ ನಾಲ್ಕನೇ ಕಾಲಂ ಸೇರಿದೆ. ನಡೆದಾಡುವ ಬಂಡೆಯಲ್ಲಿ ಜೀವಿಗಳು ಬಿಟ್ಟ ಬಂಡೆಗಿಂತ ಕಡಿಮೆಯಾಗುತ್ತಾ ಹೋದರೆ ಒಂದು ಪ್ರವಾಸದ ಕಾಲ ಪೂರ್ತಿ ನಡಿಗೆ ನಿಲ್ಲಿಸುವುದು ಅಂತ ಟ್ರಸ್ಟ್ ಸಭೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದಾರೆ. ಉಸ್ತುವಾರಿಯೂ ಹಾಕಿದ್ದಾರೆ.